ಜರ್ಮನ್ ಟಿಪ್ಪಣಿಗಳ ನಡುವೆ ಕೂಡಿಬಂದ ಬಳಗ

ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಕೋಡ್ ಕೈಗೆತ್ತಿಕೊಂಡ ಮೊದಲ ತಲೆಮಾರಿನವರಿಗೆ ಎದುರಾದದ್ದು ಜರ್ಮನ್ ಭಾಷೆ. ಯಾವ ಸಾಲು ಏನು ಮಾಡುತ್ತದೆಂದು ಪ್ರೋಗ್ರಾಮರ್‌ಗಳು ಬರೆದಿಡುವ ಟಿಪ್ಪಣಿಗಳು ಸಾವಿರಗಟ್ಟಲೆ ಜರ್ಮನ್‌ನಲ್ಲೇ ಇದ್ದವು. ಆ ಕೋಡಿನ ಮೂಲ 1985ರಷ್ಟು ಹಿಂದಿನದು. ಲ್ಯೂನೆಬರ್ಗ್ ಊರಿನ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಕಟ್ಟಿದ ಸ್ಟಾರ್‌ಡಿವಿಷನ್ ಕಂಪನಿಯ ಕೂಸು ಅದು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನು ಕೊಂಡು, ಮರುವರ್ಷ ಕೋಡನ್ನು ಎಲ್ಲರ ಮುಂದಿಟ್ಟಿತು. ಓಪನ್‌ಆಫೀಸ್ ಹುಟ್ಟಿದ್ದು ಹಾಗೆ.

ಆಮೇಲಿನ ಹತ್ತು ವರ್ಷ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೋಡ್ ಎಲ್ಲರದು, ತೀರ್ಮಾನ ಮಾತ್ರ ಕಂಪನಿಯದು. ಹೊರಗಿನವರು ತಿದ್ದುಪಡಿ ಕೊಡಬೇಕಾದರೆ ಹಕ್ಕುಸ್ವಾಮ್ಯದಲ್ಲಿ ಕಂಪನಿಗೂ ಪಾಲು ಬರೆದು ಸಹಿ ಹಾಕಬೇಕಿತ್ತು. ಒಳಸೇರದೆ ಉಳಿದ ತಿದ್ದುಪಡಿಗಳನ್ನೆಲ್ಲ ಕೂಡಿಸಿ ಕೆಲವರು ಗೋ-ಊ ಎಂಬ ಬೇರೆ ಆವೃತ್ತಿಯನ್ನೇ ಹೊರತಂದರು.

2010ರ ಜನವರಿಯಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಸೆಪ್ಟೆಂಬರ್ 28ರಂದು ಓಪನ್‌ಆಫೀಸ್‌ನ ಸ್ವಯಂಸೇವಕರು ‘ಡಾಕ್ಯುಮೆಂಟ್ ಫೌಂಡೇಶನ್’ ಎಂಬ ಸ್ವತಂತ್ರ ಸಂಸ್ಥೆಯನ್ನು ಘೋಷಿಸಿದರು. ಒರಾಕಲ್ ಕೂಡ ಜೊತೆಗೆ ಬರಲಿ, ಹಳೆಯ ಹೆಸರನ್ನು ಬಿಟ್ಟುಕೊಡಲಿ ಎಂದು ಕೇಳಿಕೊಂಡರು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಇಟ್ಟ ಹೆಸರು ಲಿಬ್ರೆಆಫೀಸ್. ಅಕ್ಟೋಬರ್ 14ರ ಓಪನ್‌ಆಫೀಸ್ ಸಮುದಾಯ ಮಂಡಳಿ ಸಭೆಯಲ್ಲಿ ಆ ಕೋರಿಕೆಗೆ ಉತ್ತರ ಸಿಕ್ಕಿತು: ಹೊಸ ಫೌಂಡೇಶನ್ ಸೇರಿದವರು ಮಂಡಳಿಯಲ್ಲಿರುವುದು ಹಿತಾಸಕ್ತಿ ಸಂಘರ್ಷ, ಅವರು ಜಾಗ ಬಿಡಬೇಕು. ವರ್ಷಗಟ್ಟಲೆ ದುಡಿದವರಿಗೆ ಹೇಳಿದ ಮಾತಿದು! ತಿಂಗಳ ಕೊನೆಗೆ ಜರ್ಮನ್ ತಂಡದ 33 ಮಂದಿ ಒಟ್ಟಿಗೆ ಹೊರನಡೆದರು.

ಹೊರಬಂದವರು ಮೊದಲು ಮಾಡಿದ್ದು ಹಕ್ಕುಸ್ವಾಮ್ಯದ ಕಾಗದವನ್ನು ಕೈಬಿಟ್ಟದ್ದು. ಬರೆದವರ ಕೋಡ್ ಬರೆದವರದೇ. ಎರಡನೆಯದು ‘ಈಸಿ ಹ್ಯಾಕ್ಸ್’ ಎಂಬ ಪಟ್ಟಿ. ಹೊಸಬರು ಮಾಡಬಲ್ಲ ಸಣ್ಣ ಕೆಲಸಗಳನ್ನು ಆರಿಸಿ, ಒಂದೊಂದೂ ಎಷ್ಟು ಕಷ್ಟ, ಯಾವ ಜ್ಞಾನ ಬೇಕು ಎಂದು ಗುರುತು ಹಾಕಿಟ್ಟರು. ಬಳಕೆಯಲ್ಲಿಲ್ಲದ ಕೋಡ್ ಕಿತ್ತುಹಾಕುವುದು ಅಂಥದೊಂದು ಕೆಲಸ. ಆ ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರುವುದು ಇನ್ನೊಂದು. ಅದಕ್ಕೆ ಸಿ++ ಪ್ರೋಗ್ರಾಮಿಂಗ್ ಭಾಷೆ ಕರಗತವಾಗಿರಬೇಕೆಂದೇನೂ ಇರಲಿಲ್ಲ, ಜರ್ಮನ್ ಬಂದರೆ ಸಾಕಿತ್ತು. ಒಬ್ಬರು ನಾಲ್ಕು ಸಾಲು ಕಳಿಸುತ್ತಿದ್ದರು, ಹಳಬರು ನೋಡಿ ಸೇರಿಸಿಕೊಳ್ಳುತ್ತಿದ್ದರು. ವರ್ಷಗಳ ಕಾಲ ನಡೆದ ಈ ಕೆಲಸವೇ ನನಗೆ ಇಡೀ ಕಥೆಯ ಜೀವಾಳ. ಹಳೆಯ ಮನೆಯಲ್ಲಿ ಹೊಸಬರ ಕೈಗೆ ಹೀಗೆ ಕೆಲಸ ಕೊಡುವುದನ್ನು ಸನ್ ಕಾಲದಲ್ಲೇ ಮಾಡಬಹುದಿತ್ತಲ್ಲ!

ಹಣವೂ ಹಾಗೇ ಕೂಡಿತು. ಜರ್ಮನಿಯಲ್ಲಿ ಫೌಂಡೇಶನ್ ನೋಂದಾಯಿಸಲು 50,000 ಯೂರೋ ಮೂಲಧನ ಬೇಕೆಂದು 2011ರ ಫೆಬ್ರವರಿಯಲ್ಲಿ ಬಳಕೆದಾರರನ್ನೇ ಕೇಳಿದರು. ಎಂಟೇ ದಿನದಲ್ಲಿ ಬಂತು.

ಓಪನ್‌ಆಫೀಸ್ ಎಂಬ ಹೆಸರು ಮಾತ್ರ ಬರಲಿಲ್ಲ. ಆ ಜೂನ್‌ನಲ್ಲಿ ಒರಾಕಲ್ ಅದನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ಅಲ್ಲಿ 4.1 ಆವೃತ್ತಿ 2014ರಲ್ಲಿ ಬಂದದ್ದು, ಆಮೇಲೆ ದೊಡ್ಡ ಆವೃತ್ತಿಯೇ ಇಲ್ಲ. ಹೊಸದೊಂದಿದೆ ಎಂದು ನಿಮ್ಮ ಬಳಕೆದಾರರಿಗೆ ತಿಳಿಸಿ ಎಂದು 2020ರ ಅಕ್ಟೋಬರ್‌ನಲ್ಲಿ ಲಿಬ್ರೆಆಫೀಸ್‌ನವರು ಅಪಾಚೆಗೆ ಬಹಿರಂಗ ಪತ್ರ ಬರೆದರು. ಹಳೆಯ ಹೆಸರನ್ನು ನಂಬಿ ಓಪನ್‌ಆಫೀಸ್ ಇಳಿಸಿಕೊಳ್ಳುವವರು ಈಗಲೂ ಇದ್ದಾರೆ.