ಕೈಯಾಟದ ಯಂತ್ರ ಮತ್ತು ಮನೆಯ ಯಂತ್ರ: ಬಲಾಬಲದ ಹೋಲಿಕೆಯನ್ನು ಕುರಿತು

2017ರ ಮಾರ್ಚ್ 3ರಂದು ಜಪಾನಿನ ನಿಂಟೆಂಡೊ ಸಂಸ್ಥೆಯು ‘ಸ್ವಿಚ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಹಿಡಿದು ಆಡಲೂ, ಪೀಠದಲ್ಲಿರಿಸಿ ಟೆಲಿವಿಷನ್ನಿಗೆ ಜೋಡಿಸಿ ಆಡಲೂ ಒದಗುವ ಈ ಯಂತ್ರವನ್ನು, ಸೋನಿ ಸಂಸ್ಥೆಯು 2013ರಲ್ಲಿ ಹೊರತಂದಿದ್ದ ಪ್ಲೇಸ್ಟೇಷನ್ 4ರೊಡನೆ ಹೋಲಿಸಿ ನೋಡುವುದು ರೂಢಿಯಾಯಿತು. ಈ ಹೋಲಿಕೆಯು ಬಹುಮಟ್ಟಿಗೆ ಒಂದೇ ಅಂಕಿಯನ್ನು ಅವಲಂಬಿಸಿದೆ: ಚಿತ್ರವನ್ನು ರಚಿಸುವ ಪ್ರೊಸೆಸರ್ ಸೆಕೆಂಡಿಗೆ ಮಾಡಬಲ್ಲ ಗಣನೆಗಳ ಸಂಖ್ಯೆ.

ಈ ಅಂಕಿ ದೊರೆಯುವ ಬಗೆ ಸರಳವಾದುದು. ಸ್ವಿಚ್‌ನ ಚಿತ್ರಭಾಗದಲ್ಲಿ 256 ಗಣನಘಟಕಗಳಿವೆ. ಪ್ರತಿಯೊಂದು ಘಟಕವೂ ಗಡಿಯಾರದ ಒಂದು ಮಿಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಕ್ರಿಯೆಗಳನ್ನು ನಡೆಸುತ್ತದೆ. ಕೈಯಲ್ಲಿ ಹಿಡಿದಾಗಿನ ಮೂಲವೇಗ 307.2 ಮೆಗಾಹರ್ಟ್ಸ್ ಆದುದರಿಂದ ಗುಣಲಬ್ಧವು ಸುಮಾರು 15,700 ಕೋಟಿ. ಪ್ಲೇಸ್ಟೇಷನ್ 4ರಲ್ಲಿ ಘಟಕಗಳು 1152, ವೇಗ 800 ಮೆಗಾಹರ್ಟ್ಸ್. ಗುಣಲಬ್ಧ ಸುಮಾರು 1,84,000 ಕೋಟಿ. ಎಂದರೆ ಮನೆಯ ಯಂತ್ರದ ಬಲ ಹನ್ನೊಂದು ಮಡಿಗೂ ಮಿಗಿಲು. ವಾದಪ್ರಿಯರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದುಂಟು.

ಆದರೆ ಬಲವನ್ನು ಹೇಳುವಾಗ ಹೊರೆಯನ್ನೂ ಹೇಳಬೇಕಷ್ಟೆ. ಸ್ವಿಚ್‌ನ ಸ್ವಂತ ಪರದೆಯಲ್ಲಿ 1280×720, ಎಂದರೆ 9,21,600 ಚಿತ್ರಬಿಂದುಗಳಿವೆ. ಪ್ಲೇಸ್ಟೇಷನ್ 4 ಸಾಮಾನ್ಯವಾಗಿ ತುಂಬಬೇಕಾದ ಟೆಲಿವಿಷನ್ ಪರದೆಯಲ್ಲಿ 1920×1080, ಎಂದರೆ 20,73,600. ಹೊರೆ ಎರಡೂಕಾಲು ಪಾಲು. ಬಿಂದುವೊಂದಕ್ಕೆ ದೊರೆಯುವ ಗಣನೆಯನ್ನು ಲೆಕ್ಕಹಾಕಿದರೆ 11.7ರ ಅಂತರವು 5.2ಕ್ಕೆ ಇಳಿಯುತ್ತದೆ. ಪೀಠದಲ್ಲಿರಿಸಿದಾಗ ಸ್ವಿಚ್‌ನ ವೇಗವನ್ನು 768 ಮೆಗಾಹರ್ಟ್ಸಿಗೆ, ಎಂದರೆ ಎರಡೂವರೆ ಪಾಲಿಗೆ ಏರಿಸಿರುವುದರ ಔಚಿತ್ಯವೂ ಇದರಿಂದಲೇ ತಿಳಿಯುತ್ತದೆ.

2016ರ ‘ಡೂಮ್’ ಆಟವು ಮರುವರ್ಷ ಸ್ವಿಚ್‌ಗೆ ಬಂದಾಗ ಸೆಕೆಂಡಿಗೆ 60 ಚಿತ್ರಗಳ ಬದಲು 30ನ್ನು ಮಾತ್ರ ತೋರಿಸಿತು. ಒಂದೊಂದು ಚಿತ್ರಕ್ಕೆ ಇಮ್ಮಡಿ ಕಾಲ ದೊರೆತುದರಿಂದ ಅಂತರವು 2.6ಕ್ಕೆ ಇಳಿಯಿತು, ಉಳಿದುದನ್ನು ಬಿಂದುಗಳ ಸಂಖ್ಯೆಯನ್ನು ಮತ್ತಷ್ಟು ತಗ್ಗಿಸಿ ಸರಿದೂಗಿಸಿದರು. ಚಿತ್ರ ಮಸುಕಾದುದು ನಿಜ. ಆಟ ಮಾತ್ರ ಅದೇ ಆಟ.

ಈ ಉಪಾಯಕ್ಕೊಂದು ಮಿತಿಯುಂಟು. ಶತ್ರುಗಳ ಚಲನೆ, ವಸ್ತುಗಳ ಡಿಕ್ಕಿ ಮೊದಲಾದ ಲೆಕ್ಕಗಳು ಮುಖ್ಯ ಪ್ರೊಸೆಸರಿನ ಪಾಲಿಗೆ ಸೇರಿದವು. ಬಿಂದುಗಳನ್ನು ಕಡಿಮೆ ಮಾಡಿದ ಮಾತ್ರಕ್ಕೆ ಅವು ಕಡಿಮೆಯಾಗವು. ನೂರಾರು ಪಾತ್ರಗಳು ಏಕಕಾಲದಲ್ಲಿ ಸಂಚರಿಸುವ ಆಟವನ್ನು ಕೈಯಂತ್ರಕ್ಕೆ ತರುವ ಕಷ್ಟ ಇಲ್ಲಿದೆ, ಪರದೆಯಲ್ಲಲ್ಲ.

ವಿದ್ಯುತ್ತಿನ ಲೆಕ್ಕದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಸ್ವಿಚ್‌ನ ಬ್ಯಾಟರಿಯಲ್ಲಿ ಹಿಡಿಯುವುದು 16 ವಾಟ್-ಗಂಟೆ. ಮೊದಲ ಮಾದರಿಯಲ್ಲಿ ಅದು ಭಾರವಾದ ಆಟಗಳಿಗೆ ಸುಮಾರು ಎರಡೂವರೆ ಗಂಟೆ ಸಾಲುತ್ತಿತ್ತು. ಎಂದರೆ ಪರದೆಯೂ ಸೇರಿ ವೆಚ್ಚ ಆರೂವರೆ ವಾಟ್‌ಗಿಂತ ಕಡಿಮೆ. 2013ರ ಪ್ಲೇಸ್ಟೇಷನ್ 4 ಅಂಥ ಆಟಕ್ಕೆ, ಟೆಲಿವಿಷನ್ನಿನ ವೆಚ್ಚವನ್ನು ಬಿಟ್ಟೂ, ನೂರು ವಾಟ್ ಮೀರಿ ಬಳಸುತ್ತಿತ್ತು.