150 ವ್ಯಾಟ್ ಆಂಪ್ ಮನೆಗೆ ಬಂತು, ಸ್ಪೀಕರ್ ಯಾವುದು ತರಬೇಕು? ವ್ಯಾಟ್‌ಗಿಂತ ಮೊದಲು ನೋಡಬೇಕಾದ ಸಂಖ್ಯೆಗಳು ಇಲ್ಲಿವೆ

ಭಿವಂಡಿ: ಮುಂಬೈ-ನಾಸಿಕ್ ಹೆದ್ದಾರಿ ಬದಿಯ ಭಿವಂಡಿ ಗೋದಾಮುಗಳಿಂದ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈನ ಮನೆಗಳಿಗೆ ದಿನವೂ ಆನ್‌ಲೈನ್ ಪಾರ್ಸೆಲ್‌ಗಳು ಹೊರಡುತ್ತವೆ. ಆಂಪ್ಲಿಫೈಯರ್ ತರಿಸಿಕೊಳ್ಳಲು ಈಗ ಗ್ರಾಂಟ್ ರೋಡ್ ಸ್ಟೇಷನ್‌ಗೆ ಇಳಿದು ಲ್ಯಾಮಿಂಗ್ಟನ್ ರಸ್ತೆ ಸುತ್ತಬೇಕಾಗಿಲ್ಲ. ಪೆಟ್ಟಿಗೆ ಮೇಲೆ 'ಪ್ರತಿ ಚಾನೆಲ್‌ಗೆ 150 ವ್ಯಾಟ್' ಎಂದು ಬರೆದಿರುತ್ತದೆ. ಅದನ್ನು ಬಿಚ್ಚಿದ ಮೇಲೆ ಶುರುವಾಗುವುದೇ ಅಸಲಿ ಪ್ರಶ್ನೆ: ಇದಕ್ಕೆ ಯಾವ ಸ್ಪೀಕರ್?

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, '150 ವ್ಯಾಟ್ ಆಂಪ್‌ಗೆ 150 ವ್ಯಾಟ್ ಸ್ಪೀಕರ್ ಹಾಕಿ'. ಇದು ಪೂರ್ತಿ ತಪ್ಪಲ್ಲ. ಆದರೆ ಸ್ಪೀಕರ್ ಆಯ್ಕೆಗೆ ಅತಿ ಕಡಿಮೆ ಸಹಾಯ ಮಾಡುವ ಸಂಖ್ಯೆಯೇ ಅದು. ಅದನ್ನೊಂದನ್ನೇ ನಂಬಿ ಖರೀದಿಸಿದವರು ಕೆಲವೇ ತಿಂಗಳಲ್ಲಿ ಟ್ವೀಟರ್ ಸುಟ್ಟುಕೊಂಡು ರಿಪೇರಿಯವನ ಮುಂದೆ ನಿಲ್ಲುವುದುಂಟು.

ಮೊದಲು, ಯಾವ ವ್ಯಾಟ್?

90ರ ದಶಕದ ಟೇಪ್ ರೆಕಾರ್ಡರ್‌ಗಳ ಮೇಲೆ 'ಪಿಎಂಪಿಒ' ಎಂದು ದೊಡ್ಡದಾಗಿ ಬರೆದಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಕೆಲವೇ ವ್ಯಾಟ್ ಕೊಡಬಲ್ಲ ಸೆಟ್ಟಿಗೂ ನೂರು, ಸಾವಿರದ ಲೆಕ್ಕ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ. ಇಂಥ ಜಾಹೀರಾತುಗಳಿಗೆ ಕಡಿವಾಣ ಹಾಕಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್‌ಗಳಿಗಾಗಿ ಪ್ರತ್ಯೇಕ ನಿಯಮ ತಂದಿತ್ತು, 2024ರಲ್ಲಿ ಅದನ್ನು ಪರಿಷ್ಕರಿಸಿದೆ.

ಹಾಗಾಗಿ ಮೊದಲು ನೋಡಬೇಕಾದ್ದು, ಆ 150 ವ್ಯಾಟ್ ನಿರಂತರ ಶಕ್ತಿಯೇ (ಸಾಮಾನ್ಯವಾಗಿ ಆರ್‌ಎಂಎಸ್ ಎಂದು ಬರೆದಿರುತ್ತಾರೆ), ಎಷ್ಟು ಓಮ್‌ಗೆ, ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗಲೇ ಎಂಬುದನ್ನು. '4 ಓಮ್‌ಗೆ 150 ವ್ಯಾಟ್' ಎಂದಿದ್ದರೆ 8 ಓಮ್ ಸ್ಪೀಕರ್‌ಗೆ ಸಿಗುವುದು ಅದಕ್ಕಿಂತ ಕಡಿಮೆ.

ಸದ್ದು ನಿರ್ಧರಿಸುವುದು ಸೆನ್ಸಿಟಿವಿಟಿ

ಸ್ಪೀಕರ್‌ನ ವಿವರ ಪಟ್ಟಿಯಲ್ಲಿ '86 ಡೆಸಿಬಲ್, 1 ವ್ಯಾಟ್, 1 ಮೀಟರ್' ಎಂಬಂಥ ಸಾಲೊಂದು ಇರುತ್ತದೆ. ಇದೇ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಸದ್ದು ಬರುತ್ತದೆ ಎಂಬ ಲೆಕ್ಕ ಅದು. ಇಲ್ಲಿ ನೆನಪಿಡಬೇಕಾದ ಗಣಿತ ಎರಡೇ: ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. 10 ಡೆಸಿಬಲ್ ಏರಬೇಕಾದರೆ ವ್ಯಾಟ್ 10 ಪಟ್ಟಾಗಬೇಕು, ಆಗಷ್ಟೇ ಕಿವಿಗೆ ಸದ್ದು ಸುಮಾರು ಎರಡರಷ್ಟಾಯಿತು ಅನ್ನಿಸುತ್ತದೆ. ಅಂದರೆ 100 ವ್ಯಾಟ್ ಆಂಪ್ ಬಿಟ್ಟು 200 ವ್ಯಾಟ್‌ನದ್ದಕ್ಕೆ ದುಡ್ಡು ಸುರಿದರೆ ಸಿಗುವುದು 3 ಡೆಸಿಬಲ್. 86ರ ಬದಲು 89 ಡೆಸಿಬಲ್ ಸ್ಪೀಕರ್ ಆರಿಸಿದರೂ ಸಿಗುವುದು ಅದೇ 3 ಡೆಸಿಬಲ್.

ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಎರಡು ಹಳೇ ಮಾದರಿಗಳನ್ನು ನೋಡಬಹುದು. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ವಿನ್ಯಾಸ ಮಾಡಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್‌ನ ಸೆನ್ಸಿಟಿವಿಟಿ ಸುಮಾರು 83 ಡೆಸಿಬಲ್. 1946ರಿಂದ ತಯಾರಾಗುತ್ತಿರುವ, ಕೋಣೆಯ ಮೂಲೆಯಲ್ಲಿ ಬೀರುವಿನಂತೆ ನಿಲ್ಲುವ ಕ್ಲಿಪ್ಶ್‌ಹಾರ್ನ್‌ಗೆ ಕಂಪನಿ ಹೇಳುವ ಲೆಕ್ಕ 105 ಡೆಸಿಬಲ್. ಇದು 1 ವ್ಯಾಟ್‌ಗೆ ಕೊಡುವ ಸದ್ದಿಗೆ ಅದಕ್ಕೆ ಸುಮಾರು 160 ವ್ಯಾಟ್ ಬೇಕು. ಅಷ್ಟು ಕೊಟ್ಟರೆ ಆ ಪುಟ್ಟ ಪೆಟ್ಟಿಗೆ ತಾಳುವುದಿಲ್ಲ, ಆ ಮಾತು ಬೇರೆ.

ಡೊಂಬಿವಲಿಯ ಹಾಲ್‌ಗೆ ಎಷ್ಟು ವ್ಯಾಟ್ ಸಾಕು?

10 ಅಡಿ ಅಗಲ, 14 ಅಡಿ ಉದ್ದದ ಹಾಲ್ ಇರುವ ಒಂದು ಬಿಎಚ್‌ಕೆ ಫ್ಲ್ಯಾಟ್ ಎಂದುಕೊಳ್ಳಿ. ಸೋಫಾದಿಂದ ಸ್ಪೀಕರ್‌ಗೆ ಎರಡೂವರೆ ಮೀಟರ್. 86 ಡೆಸಿಬಲ್‌ನ ಸ್ಪೀಕರ್ ಜೋಡಿ. ದೂರದಿಂದಾಗಿ ಸುಮಾರು 8 ಡೆಸಿಬಲ್ ಕಳೆಯುತ್ತದೆ, ಸ್ಪೀಕರ್ ಎರಡು ಇರುವುದರಿಂದ 3 ಸೇರುತ್ತದೆ. ತಲಾ 1 ವ್ಯಾಟ್ ಕೊಟ್ಟರೆ ಕೂತ ಜಾಗದಲ್ಲಿ 81 ಡೆಸಿಬಲ್. ಗೋಡೆಗಳಿಂದ ಮರಳಿ ಬರುವ ಸದ್ದು ಸೇರಿದರೆ ಇನ್ನೂ ತುಸು ಹೆಚ್ಚೇ.

ಮನೆಯಲ್ಲಿ ಖುಷಿಯಾಗಿ ಹಾಡು ಕೇಳಲು ಸರಾಸರಿ 75 ಡೆಸಿಬಲ್ ಧಾರಾಳ. ಅದಕ್ಕೆ ಬೇಕಾದ್ದು ಕಾಲು ವ್ಯಾಟ್! ಹಾಗಿದ್ದರೆ 150 ವ್ಯಾಟ್ ಯಾಕೆ?

ಇದಕ್ಕೆ ಉತ್ತರ ಚೆಂಡೆಯಲ್ಲಿದೆ. ಡೊಂಬಿವಲಿ, ಠಾಣೆಯ ಕರಾವಳಿ ಮೂಲದ ಮನೆಗಳಲ್ಲಿ ಯಕ್ಷಗಾನದ ಧ್ವನಿಮುದ್ರಣ ಕೇಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರು ಒಂದು ಹದದಲ್ಲಿ ಹಾಡುತ್ತಿರುತ್ತಾರೆ, ನಡುವೆ ಚೆಂಡೆಯ ಪೆಟ್ಟು ಬೀಳುತ್ತದೆ. ಆ ಒಂದು ಕ್ಷಣದ ಸದ್ದು ಸರಾಸರಿಗಿಂತ 15ರಿಂದ 20 ಡೆಸಿಬಲ್ ಮೇಲೆ ಹೋಗಬಹುದು. 20 ಡೆಸಿಬಲ್ ಎಂದರೆ 100 ಪಟ್ಟು ವ್ಯಾಟ್. ಕಾಲು ವ್ಯಾಟ್‌ನಲ್ಲಿ ಆರಾಮಾಗಿದ್ದ ಆಂಪ್ ಆ ಕ್ಷಣಕ್ಕೆ 25 ವ್ಯಾಟ್ ಕೊಡಬೇಕು. 83 ಡೆಸಿಬಲ್‌ನ ಸ್ಪೀಕರ್ ಇದ್ದರೆ 50 ವ್ಯಾಟ್. ದೊಡ್ಡ ಆಂಪ್ ಬೇಕಾಗುವುದು ಇಂಥ ಪೆಟ್ಟುಗಳು ಮೊಂಡಾಗದೆ ಬರಲಿ ಎಂದು, ಸದಾ ಜೋರಾಗಿ ಹಾಕಲಿಕ್ಕಲ್ಲ. ಈಗಿನ ಬಹುತೇಕ ಸಿನಿಮಾ ಹಾಡುಗಳಲ್ಲಿ ಈ ಏರಿಳಿತವನ್ನು ಸ್ಟುಡಿಯೋದಲ್ಲೇ ಒತ್ತಿಬಿಟ್ಟಿರುತ್ತಾರೆ. ಅಂಥ ಹಾಡು ಹಾಕಿ ಆಂಪ್ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಮಗ್ಗದ ಶೆಡ್‌ನಿಂದ ಬಂದ ಕಿವಿ

ಭಿವಂಡಿಯ ಸಂಗತಿ ಇಲ್ಲಿ ಸ್ವಲ್ಪ ಬೇರೆ. ಇದು ವಿದ್ಯುತ್ ಮಗ್ಗಗಳ ಊರು. ಮಗ್ಗದ ಶೆಡ್ ಒಳಗೆ ಸದ್ದು ಸಾಮಾನ್ಯವಾಗಿ 90 ಡೆಸಿಬಲ್‌ಗಿಂತ ಮೇಲೆಯೇ ಇರುತ್ತದೆ. ನಮ್ಮ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ ಇಟ್ಟಿರುವ ಮಿತಿಯೇ 90. ಇಂಥ ಸದ್ದಿನಲ್ಲಿ ಪಾಳಿ ಮುಗಿಸಿ ಹೊರಬಂದವರ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ, ಮೆಲುದನಿ ಕೇಳಿಸುವುದಿಲ್ಲ. ವಿಶ್ರಾಂತಿ ಸಿಕ್ಕರೆ ಸರಿಹೋಗುತ್ತದೆ, ದಿನವೂ ಹೀಗೇ ಆದರೆ ಶಾಶ್ವತವಾಗಿ ಉಳಿಯುತ್ತದೆ.

ಆ ಕಿವಿಗೆ 75 ಡೆಸಿಬಲ್ ಸಪ್ಪೆ. ಕೈ ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. 10 ಡೆಸಿಬಲ್ ಏರಿಸಿದರೆ ಸರಾಸರಿ ಎರಡೂವರೆ ವ್ಯಾಟ್, ಅದೇನೂ ದೊಡ್ಡದಲ್ಲ. ಆದರೆ ಚೆಂಡೆ ಪೆಟ್ಟಿಗೆ ಈಗ ಬೇಕಾದ್ದು 250 ವ್ಯಾಟ್. ಆಂಪ್ ಬಳಿ ಇರುವುದು 150. ಹಾಲ್‌ಗೆ ಮಿತಿಮೀರಿದ್ದು ಎಂದುಕೊಂಡ ಆಂಪ್ ಕೂಡ ಇಲ್ಲಿ ಸೋಲುತ್ತದೆ.

ಸೋತಾಗ ಆಗುವುದನ್ನೇ ಕ್ಲಿಪಿಂಗ್ ಎನ್ನುತ್ತಾರೆ. ಕೊಡಲಾಗದ ಎತ್ತರಕ್ಕೆ ಏರಬೇಕಿದ್ದ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಎತ್ತರದ ಸ್ವರಗಳು ಹುಟ್ಟುತ್ತವೆ, ಸರಾಸರಿ ಶಕ್ತಿಯೂ ಏರುತ್ತದೆ. ಆ ಎತ್ತರದ ಸ್ವರಗಳೆಲ್ಲ ಹೋಗುವುದು ಟ್ವೀಟರ್‌ಗೆ. 100 ವ್ಯಾಟ್ ಎಂದು ಬರೆದ ಸ್ಪೀಕರ್‌ನಲ್ಲೂ ಟ್ವೀಟರ್ ನಿರಂತರ ತಾಳುವುದು ಕೆಲವೇ ವ್ಯಾಟ್. ಕೂದಲಿನಷ್ಟು ತೆಳ್ಳಗಿನ ತಂತಿ ಬಿಸಿಯಾಗಿ ಕಡಿಯುತ್ತದೆ. ಸಣ್ಣ ಆಂಪ್ ಅನ್ನು ಕೊನೆವರೆಗೆ ತಿರುಗಿಸಿದಾಗಲೂ ಸ್ಪೀಕರ್ ಸುಡಬಹುದು ಎನ್ನುವುದು ಇದೇ ಕಾರಣಕ್ಕೆ.

ಇಂಥ ಮನೆಗೆ 90 ಡೆಸಿಬಲ್ ಅಥವಾ ಹೆಚ್ಚಿನ ಸೆನ್ಸಿಟಿವಿಟಿಯ ಸ್ಪೀಕರ್ ಆರಿಸುವುದೇ ಜಾಣತನ. ಅದೇ ಸದ್ದಿಗೆ 250ರ ಬದಲು 100 ವ್ಯಾಟ್ ಸಾಕಾಗುತ್ತದೆ. ಅದಕ್ಕಿಂತ ಮುಖ್ಯವಾದ್ದು ಶೆಡ್‌ನಲ್ಲಿ ಇಯರ್‌ಪ್ಲಗ್ ಹಾಕಿಕೊಳ್ಳುವುದು, ಪಾಳಿ ಮುಗಿದ ಕೂಡಲೇ ಹಾಡು ಹಾಕದೆ ಕಿವಿಗೆ ಹೊತ್ತು ಕೊಡುವುದು.

ಗುಂಡಿ ಅರ್ಧ ತಿರುಗಿಸಿದರೆ ಅರ್ಧ ಶಕ್ತಿ ಎಂಬ ನಂಬಿಕೆಯೂ ಬೇಡ. ಮೂಲದಿಂದ ಬರುವ ಸಿಗ್ನಲ್ ಬಲವಾಗಿದ್ದರೆ ಗಡಿಯಾರದ 11 ಗಂಟೆಯ ಜಾಗಕ್ಕೇ ಆಂಪ್ ತನ್ನ ಪೂರ್ತಿ ಶಕ್ತಿ ಮುಟ್ಟಿರಬಹುದು.

ಓಮ್ ತಪ್ಪಿದರೆ ಸುಡುವುದು ಆಂಪ್

ವ್ಯಾಟ್ ತಪ್ಪಿದರೆ ಸ್ಪೀಕರ್‌ಗೆ ಕುತ್ತು, ಓಮ್ ತಪ್ಪಿದರೆ ಆಂಪ್‌ಗೆ. ಆಂಪ್ ಹಿಂಭಾಗದಲ್ಲಿ '4ರಿಂದ 16 ಓಮ್' ಅಥವಾ '8 ಓಮ್ ಕನಿಷ್ಠ' ಎಂದು ಬರೆದಿರುತ್ತದೆ. ಸ್ಪೀಕರ್‌ನ ಓಮ್ ಅದಕ್ಕಿಂತ ಕೆಳಗೆ ಇಳಿಯಬಾರದು. ಸ್ಪೀಕರ್ ಮೇಲೆ ಬರೆದ 8 ಓಮ್ ಕೂಡ ಸ್ಥಿರವಲ್ಲ, ಸ್ವರಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಬರೆದ ಸಂಖ್ಯೆಯ ಶೇ 80ಕ್ಕಿಂತ ಕೆಳಗೆ, ಅಂದರೆ 6.4 ಓಮ್‌ಗಿಂತ ಕೆಳಗೆ ಇಳಿಯಬಾರದು. ಎಲ್ಲ ಕಂಪನಿಗಳೂ ಇದನ್ನು ಪಾಲಿಸುವುದಿಲ್ಲ, 'ಕನಿಷ್ಠ ಇಂಪೀಡೆನ್ಸ್' ಎಷ್ಟು ಎಂದು ಕೇಳಿಯೇ ಕೊಳ್ಳಿ.

ಹಾಲ್‌ಗೆ ಒಂದು ಜೋಡಿ, ಬೆಡ್‌ರೂಮ್‌ಗೆ ಇನ್ನೊಂದು ಜೋಡಿ ಹಾಕುವ ಆಸೆಯಿದ್ದರೆ ಇನ್ನೂ ಎಚ್ಚರ ಬೇಕು. ಸಮಾನಾಂತರವಾಗಿ ಜೋಡಿಸಿದರೆ ಎರಡು 8 ಓಮ್ ಸೇರಿ 4 ಆಗುತ್ತದೆ, ಎರಡು 4 ಓಮ್ ಸೇರಿ 2. ಮನೆಬಳಕೆಯ ಬಹುತೇಕ ಆಂಪ್‌ಗಳು 2 ಓಮ್ ತಾಳುವುದಿಲ್ಲ. ಅದೃಷ್ಟವಿದ್ದರೆ ಟಕ್ ಎಂದು ಬಂದ್ ಆಗುತ್ತದೆ, ಇಲ್ಲದಿದ್ದರೆ ಒಳಗಿನ ಟ್ರಾನ್ಸಿಸ್ಟರ್ ಹೋಗುತ್ತದೆ.

80 ವ್ಯಾಟ್ ಸ್ಪೀಕರ್ ಹಾಕಬಹುದೇ?

ಹಾಕಬಹುದು, ಗುಂಡಿ ಹಿಡಿದ ಕೈ ಹದದಲ್ಲಿದ್ದರೆ. ಸ್ಪೀಕರ್‌ನ 80 ವ್ಯಾಟ್ ಎಂಬುದು ಮುಖ್ಯವಾಗಿ ಅದು ತಾಳಬಲ್ಲ ಬಿಸಿಯ ಮಿತಿ. ಸಂಗೀತದ ಸರಾಸರಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅಪಾಯ ಬರುವುದು ಆಕಸ್ಮಿಕವಾಗಿ: ಆಂಪ್ ಆನ್ ಇರುವಾಗ ಕೇಬಲ್ ಎಳೆಯುವುದು, ವಾಲ್ಯೂಮ್ ಏರಿದ್ದಾಗಲೇ ಬ್ಲೂಟೂತ್ ಜೋಡಿಯಾಗುವುದು, ಮಕ್ಕಳ ಹುಟ್ಟುಹಬ್ಬದಲ್ಲಿ ಯಾರೋ ಬಂದು ಗುಂಡಿ ತಿರುಗಿಸುವುದು. ಬಾಸ್ ಗುಂಡಿ ಪೂರ್ತಿ ಏರಿಸಿಟ್ಟರೆ ಸಣ್ಣ ವೂಫರ್ ತನ್ನ ಮಿತಿ ಮೀರಿ ಓಡಾಡಿ ಹರಿಯಬಹುದು.

ಸೆಕೆಂಡ್ ಹ್ಯಾಂಡ್ ಆದರೆ ಮುಟ್ಟಿ ನೋಡಿ

ಒಳ್ಳೆಯ ಹಳೇ ಸ್ಪೀಕರ್ ಅರ್ಧ ಬೆಲೆಗೆ ಸಿಕ್ಕರೆ ಬಿಡಬೇಕಿಲ್ಲ. ಆದರೆ ಈ ಭಾಗದ ತೇವದ ಹವೆ ಸ್ಪೀಕರ್‌ಗೆ ಶತ್ರು. ವೂಫರ್ ಸುತ್ತಲಿನ ಅಂಚು ಫೋಮ್‌ನದ್ದಾಗಿದ್ದರೆ 10-15 ವರ್ಷಕ್ಕೆ ಪುಡಿಯಾಗುತ್ತದೆ, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗೊತ್ತಾಗುತ್ತದೆ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಪೆಟ್ಟಿಗೆಯ ತಳ ಊದಿಕೊಂಡಿದ್ದರೆ ಮಳೆಗಾಲದಲ್ಲಿ ನೀರು ಕಂಡ ಎಂಡಿಎಫ್ ಹಲಗೆ ಎಂದೇ ಲೆಕ್ಕ. ಕಲ್ಯಾಣ, ಬದ್ಲಾಪುರ ಕಡೆಯ ತಗ್ಗು ಪ್ರದೇಶದ ಮನೆಗಳ ಸಾಮಾನಿಗೆ ಈ ಪರೀಕ್ಷೆ ತಪ್ಪಿಸಬೇಡಿ.

ಕೋಣೆ, ಪಕ್ಕದ ಮನೆ, ಕಾನೂನು

14 ಅಡಿ ಉದ್ದದ ಕೋಣೆ 40 ಹರ್ಟ್ಸ್ ಆಸುಪಾಸಿನ ಬಾಸ್ ಅನ್ನು ತಾನಾಗಿಯೇ ಗುಂಯ್‌ಗುಡಿಸುತ್ತದೆ. ಅದಕ್ಕೆ ಮೂಲೆಯಲ್ಲಿ ಇಟ್ಟ ದೊಡ್ಡ ಟವರ್ ಸ್ಪೀಕರ್ ಸೇರಿದರೆ ಹಾಡು ಕೇಳುವುದಿಲ್ಲ, ಗೋಡೆ ಕೇಳುತ್ತದೆ. ಇಂಥ ಹಾಲ್‌ಗೆ 5 ಅಥವಾ 6 ಇಂಚು ವೂಫರ್‌ನ ಬುಕ್‌ಶೆಲ್ಫ್ ಸ್ಪೀಕರ್ ಸಾಕು. ಗೋಡೆಯಿಂದ ಒಂದಡಿ ಮುಂದೆ ಇಡಿ, ಟೈಲ್ಸ್ ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಸಾವಿರಾರು ರೂಪಾಯಿಯ ಕೇಬಲ್‌ಗಿಂತ ಒಂದು ಸೊಲ್ಲಾಪುರ ಚಾದರ ಹೆಚ್ಚು ಕೆಲಸ ಮಾಡುತ್ತದೆ. ಕೇಬಲ್ ವಿಷಯಕ್ಕೆ ಬಂದರೆ ಐದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್‌ನ ಸಾಧಾರಣ ತಾಮ್ರದ ತಂತಿ ಸಾಕು. ಕೆಂಪು-ಕಪ್ಪು ಅದಲು ಬದಲಾಗದಿದ್ದರೆ ಆಯಿತು. ಒಂದು ಸ್ಪೀಕರ್‌ನಲ್ಲಿ ಮಾತ್ರ ಅದಲು ಬದಲಾದರೆ ಬಾಸ್ ಮಾಯವಾಗುತ್ತದೆ.

ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಖಾಸಗಿ ಜಾಗದ ಸ್ಟೀರಿಯೋ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಇರಬಾರದು ಎಂದು ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಹೇಳಿದೆ. ಠಾಣೆಯ ವೈದ್ಯ ಡಾ. ಮಹೇಶ್ ಬೇಡೇಕರ್ ಅವರ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್ 2016ರ ಆಗಸ್ಟ್‌ನಲ್ಲಿ ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿ ಮಾಡುವಂತೆ ಸೂಚಿಸಿತ್ತು. ಮನೆಯೊಳಗೆ 75 ಡೆಸಿಬಲ್ ಇದ್ದು ಕಿಟಕಿ ತೆರೆದಿದ್ದರೆ ರಾತ್ರಿ ಮಿತಿ ಮೀರುವುದು ಬಹುತೇಕ ಖಚಿತ. ಕಿಟಕಿ ಮುಚ್ಚಿದರೂ ಗೋಡೆ ದಾಟಿ ಹೋಗುವುದು ಬಾಸ್, ಪಕ್ಕದ ಮನೆಯವರು ಬಾಗಿಲು ತಟ್ಟುವುದೂ ಅದಕ್ಕೇ.

ಖರೀದಿಗೆ ಹೋಗುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಹಾಡು, ಒಂದು ಯಕ್ಷಗಾನದ ಅಥವಾ ತಬಲಾದ ತುಣುಕು ಜೊತೆಗೆ ಒಯ್ಯಿರಿ. ಎರಡೂವರೆ ಮೀಟರ್ ದೂರ ಕೂತು, ಮನೆಯಲ್ಲಿ ಕೇಳುವಷ್ಟೇ ಸದ್ದಿನಲ್ಲಿ ಕೇಳಿ. ಎರಡು ಸ್ಪೀಕರ್ ಹೋಲಿಸುವಾಗ ಎರಡರ ಸದ್ದೂ ಸಮನಾಗಿ ಇರಲಿ, ಏಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ.