ಹಗುರತನದಿಂದಲೇ ಗೆದ್ದ ಆಲ್ಪೀನ್
ರ‍್ಯಾಲಿಯಲ್ಲಿ ಎಂಜಿನ್ ಬಲದಷ್ಟೇ ಹಗುರತನವೂ ಮುಖ್ಯವೆಂದು ಸಾಧಿಸಿದ ಕಾರು ಫ್ರಾನ್ಸಿನ ಆಲ್ಪೀನ್ ಎ110. ಬಂದರು ಪಟ್ಟಣ ಡಿಯೆಪ್‌ನ ರೆನೋ ಕಾರು ಮಾರಾಟಗಾರ ಜ್ಯಾಂ ರೆಡೆಲೆ 1955ರಲ್ಲಿ ಆಲ್ಪೀನ್ ಸಂಸ್ಥೆ ಸ್ಥಾಪಿಸಿದರು. 1962ರಲ್ಲಿ ಬಂದ ಎ110ಗೆ ಬೆನ್ನೆಲುಬಿನಂಥ ಉಕ್ಕಿನ ಚಾಸಿ, ಅದರ ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಉಕ್ಕಿನ ತಗಡು ಒತ್ತುವ ದುಬಾರಿ ಯಂತ್ರಗಳಿಲ್ಲದ ಸಣ್ಣ ಕಾರ್ಖಾನೆಗೆ ಇದು ಅನುಕೂಲವಾಯಿತು. ತೂಕವೂ ಸುಮಾರು 700 ಕಿಲೋಗೆ ಸೀಮಿತವಾಯಿತು. ಹಿಂಬದಿಯಲ್ಲಿದ್ದ ರೆನೋ ಎಂಜಿನ್‌ನ ಭಾರವು ಕಾರನ್ನು ನೂಕುವ ಹಿಂದಿನ ಚಕ್ರಗಳ ಮೇಲೆಯೇ ಬೀಳುತ್ತಿದ್ದುದರಿಂದ ಹಿಮದ ಹಾದಿಯಲ್ಲೂ ಅವುಗಳಿಗೆ ಹಿಡಿತ ಸಿಗುತ್ತಿತ್ತು. 1973ರ ಚೊಚ್ಚಲ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಫಿಯೆಟ್, ಫೋರ್ಡ್‌ಗಳಂಥ ದೈತ್ಯರನ್ನು ಹಿಂದಿಕ್ಕಿ ಆಲ್ಪೀನ್ ಪ್ರಶಸ್ತಿ ಗೆದ್ದಿತು. ಆದರೆ ಗೆಲುವಿನಿಂದ ಬೊಕ್ಕಸ ತುಂಬಲಿಲ್ಲ. ಅದೇ ವರ್ಷ ಸಂಸ್ಥೆಯ ಹಿಡಿತ ರೆನೋ ಪಾಲಾಯಿತು. 1977ರಲ್ಲಿ ಎ110 ತಯಾರಿಕೆ ನಿಂತಿತು. 2017ರಲ್ಲಿ ಅದೇ ಹೆಸರಿನ ಹೊಸ ಕಾರು ಅಲ್ಯೂಮಿನಿಯಂ ಮೈ ತೊಟ್ಟು ಡಿಯೆಪ್‌ನಲ್ಲೇ ಹುಟ್ಟಿತು. ಹಗುರತನದ ಸೂತ್ರ ಮಾತ್ರ ಬದಲಾಗಿರಲಿಲ್ಲ.